ಹನ್ನೆರಡನೆಯ ಚೀಟಿ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಎಂಟು ನಿಮಿಷಕ್ಕೆ, ಪರದೆಯ ಮೇಲಿನ ಇಳಕಲ್ ಸೀರೆ ಸಿಡಿದುಹೋಯಿತು.

ಹರಿಯಲಿಲ್ಲ, ಜಾರಲಿಲ್ಲ—ಸಿಡಿಯಿತು. ಎರಡು ಮೊಳೆಗೆ ತೂಗುಹಾಕಿದ್ದ ಹಸಿರು ಸೀರೆ ಗಾಳಿಗೆ ಒಮ್ಮೆ ಮೈಮುರಿದು ನಡುಗಿತು. ಮರುಕ್ಷಣ ಮುಳ್ಳುಹಂದಿಯಂತೆ ಎಲ್ಲ ದಿಕ್ಕಿಗೂ ಚೂಪಾಗಿ ಎದ್ದು ಪರದೆಯ ಅಂಚುಗಳಾಚೆ ಹಾರಿ ಮಾಯವಾಯಿತು. ಉಳಿದದ್ದು ಎರಡು ಮೊಳೆ.

ಹನ್ನೊಂದು ವಿದ್ಯಾರ್ಥಿಗಳು ನಕ್ಕರು. ಕಂಪ್ಯೂಟರಿನ ಮುಂದೆ ನಿಂತಿದ್ದ ಹನ್ನೆರಡನೆಯವನು, ಸಂಗಮೇಶ, ಮತ್ತೆ ಗುಂಡಿ ಒತ್ತಿದ. ಮತ್ತೆ ಸಿಡಿಯಿತು. ಇನ್ನೊಮ್ಮೆ ಒತ್ತಿದ.

"ವಸ್ತ್ರಾಪಹರಣ ಕೇಳಿದ್ದೆ," ಹಿಂದಿನ ಬೆಂಚಿನಿಂದ ಪ್ರೊಫೆಸರ್ ಬದರಿನಾಥರ ದನಿ ಬಂತು. "ವಸ್ತ್ರವೇ ಬಾಂಬ್ ಆಗೋದನ್ನ ಇವತ್ತೇ ನೋಡಿದ್ದು. ಇನ್ನೊಂದ್ಸಲ ಹಾಕಪ್ಪ, ಕೃಷ್ಣ ಬಂದ್ರೂ ಬರಬಹುದು!"

ಈ ಸಲದ ನಗು ಕಾರಿಡಾರಿನವರೆಗೂ ಹೋಯಿತು.

ಲ್ಯಾಬಿನ ಕಟ್ಟಳೆಯಂತೆ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಬಳಿ ಬರಿಗಾಲಲ್ಲಿ ನಿಂತಿದ್ದ ಪಂಕಜಾ ನಗಲಿಲ್ಲ. ಬನಶಂಕರಿ ಎರಡನೇ ಹಂತದ ಆ ಇಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್ ಆಕೆ. ವಯಸ್ಸು ಐವತ್ತಾರು. ಇಪ್ಪತ್ತೆಂಟು ವರ್ಷಗಳಲ್ಲಿ ತೋಳಿನೊಳಗೆ, ಕಾಲುಚೀಲದೊಳಗೆ, ಒಮ್ಮೆ ಮುರಿದ ಕೈಯ ಪ್ಲಾಸ್ಟರಿನೊಳಗೆ ಅಡಗಿದ್ದ ಕಾಪಿ ಚೀಟಿಗಳನ್ನು ಹೊರತೆಗೆದವರು. ಜಯನಗರದ ಮನೆಯಿಂದ ಬಸ್ಸಿನಲ್ಲಿ ಬಂದು, ಬಸ್ಸಿನಲ್ಲೇ ಕಾದಂಬರಿ ಓದಿ ಮುಗಿಸುತ್ತಿದ್ದರು. ಕೊನೆಯ ಪುಟಕ್ಕೆ ಮೊದಲೇ ಕೊಲೆಗಾರನನ್ನು ಹಿಡಿದು, ಲೇಖಕನ ಮೇಲೆ ಮುನಿಸಿಕೊಳ್ಳುತ್ತಿದ್ದರು.

ಆ ದಿನ ಅವರು ಅಲ್ಲಿ ನಿಲ್ಲಬೇಕಾಗಿರಲಿಲ್ಲ. ಹತ್ತು ಗಂಟೆಗೆ ವಿದ್ಯಾರ್ಥಿಗಳ ಪ್ರಶ್ನೆಯ ಚೀಟಿ ಡಬ್ಬಕ್ಕೆ ಸೀಲ್ ಹಾಕಿದರೆ, ಹನ್ನೊಂದರವರೆಗೆ ಅವರಿಗೆ ಅಲ್ಲಿ ಕೆಲಸವಿಲ್ಲ. ಆದರೆ ಯಾರೋ ಹುಡುಗ ಕಂಪ್ಯೂಟರಿನಲ್ಲಿ ಇಳಕಲ್ ಸೀರೆ ಮಾಡಿದ್ದಾನಂತೆ, ನೆರಿಗೆ ಸಮೇತ ಬೀಳುತ್ತದಂತೆ ಎಂದು ಕೇಳಿ, ನೋಡೋಣವೆಂದು ನಿಂತಿದ್ದರು.

ನೋಡಿದಂತಾಯಿತು.

"ಇದು ನಿನ್ನ ಪ್ರೋಗ್ರಾಂ ಅಲ್ಲ," ಬದರಿನಾಥ್ ಎದ್ದು ನಿಂತರು. ನಗು ಅರ್ಧಕ್ಕೇ ನಿಂತಿತು. "ಬರೆದವನಿಗೆ ತಪ್ಪು ಎಲ್ಲಿದೆ ಅಂತ ಹುಡುಕೋಕೆ ಒಂದು ನಿಮಿಷ ಸಾಕು. ನೀನು ಮೂರು ಸಲ ಅದೇ ಗುಂಡಿ ಒತ್ತಿದೆ. ಕದ್ದ ಮಾಲು! ಕ್ಲಾಸ್ ರದ್ದು. ಎಲ್ಲರೂ ಹೊರಡಿ."

ಸಂಗಮೇಶನ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

*

ಎರಡು ಸಾವಿರದ ಮೂರನೇ ಇಸವಿಯಲ್ಲಿ ಫಿಸಿಕಲಿ ಬೇಸ್ಡ್ ಸಿಮ್ಯುಲೇಷನ್ ಎಂಬ ವಿಷಯ ಆ ಕಾಲೇಜಿನಲ್ಲಿ ಎಂ.ಟೆಕ್‌ನವರಿಗೆ ಮಾತ್ರ ಇತ್ತು. ಬೀಳುವ ನೀರು, ಉರುಳುವ ಕಲ್ಲು, ಹಾರುವ ಬಟ್ಟೆ—ಇವನ್ನೆಲ್ಲ ಭೌತಶಾಸ್ತ್ರದ ನಿಯಮ ಹಾಕಿ ಕಂಪ್ಯೂಟರಿನಲ್ಲಿ ಆಡಿಸುವ ವಿದ್ಯೆ. ಬದರಿನಾಥರು ಮೊದಲ ದಿನ ಒಂದೇ ಒಂದು ಪಾಠ ಮಾಡಿ ಹಿಂದಿನ ಬೆಂಚಿಗೆ ಹೋಗಿಬಿಡುತ್ತಿದ್ದರು. ಆಮೇಲೆ ಪಾಠವೆಲ್ಲ ವಿದ್ಯಾರ್ಥಿಗಳದ್ದು. ಗುರುವಾರಕ್ಕೊಬ್ಬ ಮೇಷ್ಟ್ರು.

ನಿಯಮಗಳು ಅವರೇ ಮಾಡಿದ್ದು. ಪಾಠ ಹೇಳುವವನು ಒಂದು ವಾರ ಮೊದಲೇ ತನ್ನ ನೋಟ್ಸ್ ಹಂಚಬೇಕು. ಉಳಿದ ಹನ್ನೊಂದು ಜನ ಓದಿ, ಒಂದೊಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು, ಹತ್ತು ಗಂಟೆಯೊಳಗೆ ಬಿಸ್ಕತ್ತು ಡಬ್ಬದ ಸೀಳಿನಲ್ಲಿ ಹಾಕಬೇಕು. ಒಳ್ಳೆಯ ಪ್ರಶ್ನೆಗೆ ಎರಡು ಅಂಕ. ಖಾಲಿ ಚೀಟಿಗೆ ಸೊನ್ನೆ—ಮತ್ತು ಶುಕ್ರವಾರ ನೋಟಿಸ್ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಹೆಸರಿನ ಮುಂದೆ ಆ ಸೊನ್ನೆ. ಚೀಟಿ ಬದಲಾಯಿಸುತ್ತಾರೆ ಎಂದು ಎರಡು ವರ್ಷದ ಹಿಂದೆ ಯಾರೋ ದೂರು ಕೊಟ್ಟ ಮೇಲೆ ಡಬ್ಬದ ಕೀಲಿ ಪಂಕಜಾ ಕೈಗೆ ಬಂತು. ಹತ್ತಕ್ಕೆ ಬಂದು ಸೀಳಿನ ಮೇಲೆ ಕಾಗದ ಅಂಟಿಸಿ ಸಹಿ ಹಾಕುವರು. ಹನ್ನೊಂದಕ್ಕೆ ಬಂದು ಬೀಗ ತೆಗೆಯುವರು.

ಪ್ರೊಫೆಸರ್ ತಾವೂ ಒಂದು ಪ್ರಶ್ನೆ ಹಾಕುತ್ತಿದ್ದರು. ಅದು ಚೀಟಿಯಲ್ಲ, ಹಳೆಯ ಕಾಲದ ಕಂಪ್ಯೂಟರಿನ ತೂತು ಬಿದ್ದ ದಪ್ಪ ಕಾರ್ಡು. ಅಂಥವು ಅವರ ಜೇಬಿನಲ್ಲಿ ಸದಾ ಒಂದು ಕಟ್ಟು. "ನನ್ನ ಪ್ರಶ್ನೆಯೂ ಪಾಠಕ್ಕೆ ಮೊದಲೇ ಡಬ್ಬಕ್ಕೆ ಬೀಳುತ್ತೆ. ನಾನು ಮೋಸ ಮಾಡಲ್ಲ," ಎನ್ನುವರು. ಆ ಕಾರ್ಡನ್ನು ಕೊನೆಯಲ್ಲಿ ಓದುವರು. ಹೋದ ವರ್ಷ ಅದಕ್ಕೆ ಉತ್ತರಿಸಲಾಗದೆ ಒಬ್ಬ ಹುಡುಗ ಅಲ್ಲೇ ವಾಂತಿ ಮಾಡಿಕೊಂಡಿದ್ದ. ಅದನ್ನು ಬದರಿನಾಥರು ಸ್ಟಾಫ್ ರೂಮಿನಲ್ಲಿ ಕಾಫಿಯ ಜೊತೆ ಹೇಳುತ್ತಿದ್ದರು.

*

"ಮೂರು ಗಂಟೆಗೆ ಮೀಟಿಂಗ್, ಪಂಕಜಮ್ಮ," ಪ್ರಿನ್ಸಿಪಾಲ್ ಲಕ್ಕಪ್ಪ ದೂರಿನ ಕಾಗದ ತಳ್ಳಿದರು. "ಮಾಲ್‌ಪ್ರಾಕ್ಟೀಸ್ ಕೇಸು. ಎರಡು ವರ್ಷ ಡಿಬಾರ್ ಅಂತ ಬದರಿನಾಥ್ ಕೇಳ್ತಿದಾರೆ. ವಿಚಾರಣಾ ಸಮಿತಿಗೆ ನೀವು ಕಾರ್ಯದರ್ಶಿ. ಏನು ಬೇಕೋ ವಿಚಾರಿಸಿಬಿಡಿ. ಬೇಗ ಮುಗೀಲಿ."

ಪಂಕಜಾ ದೂರನ್ನು ನಿಧಾನವಾಗಿ ಓದಿದರು. ಸೀರೆಯ ಲೆಕ್ಕದಲ್ಲಿ ಒಂದು ಸಂಖ್ಯೆ ಬದಲಾಗಿತ್ತು. ನೋಟ್ಸಿನಲ್ಲಿ 0.001, ಕಂಪ್ಯೂಟರಿನಲ್ಲಿ 0.016. ಕಡತ ಬದಲಾದ ಸಮಯ ಆ ದಿನ ಬೆಳಿಗ್ಗೆ ಎಂಟು ನಲವತ್ತೊಂದು. 'ಸದರಿ ಪ್ರೋಗ್ರಾಂ ಅನ್ನು ತರಗತಿ ರದ್ದಾದ ನಂತರವೇ ನಾನು ಮೊದಲ ಬಾರಿಗೆ ತೆರೆದು ನೋಡಿದೆ. ಬೇರೆಯವರಿಂದ ಕದ್ದ ಪ್ರೋಗ್ರಾಂನಲ್ಲಿ ವಿದ್ಯಾರ್ಥಿಯೇ ತಿಳಿಯದೆ ಕೈಯಾಡಿಸಿರುವುದು ಸ್ಪಷ್ಟ' ಎಂದು ಬದರಿನಾಥರ ಸಹಿ.

ಮೊದಲು ಸಂಗಮೇಶನನ್ನು ಕರೆಸಿದರು. ಕುಷ್ಟಗಿ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಮೂವರು ಗೆಳೆಯರ ಜೊತೆ ಒಂದು ಕೋಣೆ.

"ಕೂತ್ಕೊಳಪ್ಪ. ಪ್ರೋಗ್ರಾಂ ನೀನೇ ಬರೆದಿದ್ದಾ?"

"ನಾನ ಬರದೇನ್ರಿ. ಸೀರಿ ನಮ್ಮವ್ವಂದ್ರಿ. ಒಂದೊಂದ ಕೆಜಿ ಕಲ್ಲು ಕಟ್ಟಿ, ಎಷ್ಟು ಜಗ್ತದ ಅಂತ ಅಳತಿ ಮಾಡೇನ್ರಿ. ನಮ್ಮವ್ವ ಬೈದಾಳ್ರಿ—ಉಡೂ ಸೀರಿ ಐತೋ, ಜೋಕಾಲಿ ಅಲ್ಲೋ ಅಂತ."

"ಹಾಗಿದ್ರೆ ತಪ್ಪು ಯಾಕೆ ಸಿಗಲಿಲ್ಲ?"

ಅವನು ತನ್ನ ಅಂಗೈ ನೋಡಿಕೊಂಡ. "ಎಲ್ಲಾರೂ ನಗಾಕತ್ತಿದ್ರಲ್ರೀ. ಪರದೀ ಕಾಣಲಿಲ್ರಿ ನಂಗ."

"ನಿನ್ನೆ ಸಂಜೆ ಸರಿ ಇತ್ತಾ?"

"ಐದು ಗಂಟೆಕ್ಕ ಓಡಿಸಿ ನೋಡೇನ್ರಿ. ಚಂದ ಬಿತ್ತು."

"ಇವತ್ತು ಎಂಟು ನಲವತ್ತೊಂದಕ್ಕೆ ಎಲ್ಲಿದ್ದೆ?"

"ಮ್ಯಾಲಿನ ಖಾಲಿ ಕ್ಲಾಸ್‌ನ್ಯಾಗ್ರಿ. ಗ್ವಾಡಿಗೆ ಪಾಠ ಹೇಳ್ಕೋಂತ ನಿಂತಿದ್ದೆ."

"ಯಾರಾದ್ರೂ ನೋಡಿದ್ರಾ?"

"ಗ್ವಾಡಿ ಅಷ್ಟರಿ."

ಹೋಗುವಾಗ ಬಾಗಿಲಲ್ಲಿ ನಿಂತ. "ಮೇಡಂ, ಡಿಬಾರ್ ಆದ್ರ ನಾ ಮತ್ತ ಬರೂದು ಆಗೂದಿಲ್ರಿ. ಸೀಟು ಒಂದ ಸಲ ಸಿಗೂದ್ರಿ ನಮ್ಮಂಥೋರಿಗೆ."

ಅದಕ್ಕೆ ಪಂಕಜಾ ಸಮಾಧಾನದ ಮಾತು ಹೇಳಲಿಲ್ಲ. ಅಂಥ ಮಾತುಗಳು ಅವರಲ್ಲಿ ಹೆಚ್ಚು ದಾಸ್ತಾನಿರಲಿಲ್ಲ.

*

ಎರಡನೆಯವಳು ಸಂಹಿತಾ. ಸಂಗಮೇಶನ ನೋಟ್ಸಿನ ಇಂಗ್ಲಿಷ್ ತಿದ್ದಿಕೊಟ್ಟವಳು. ಪ್ರೋಗ್ರಾಂನ ಒಂದು ಪ್ರತಿ ಅವಳಲ್ಲೂ ಇತ್ತು.

"ನೀನೂ ನಕ್ಕೆಯಲ್ಲಮ್ಮ?"

ಅವಳ ಮುಖ ಕೆಂಪಾಯಿತು. "ಎಲ್ರೂ ನಕ್ರು ಮೇಡಂ."

"ಸರಿ. ಒಂದು ಪುಟ್ಟ ಸಂಖ್ಯೆಗೆ ಅಷ್ಟು ದೊಡ್ಡ ಸೀರೆ ಸಿಡಿಯುತ್ತಾ?"

"ಕಣ್ಮುಚ್ಕೊಂಡು ರಸ್ತೆ ದಾಟೋ ಹಾಗೆ ಮೇಡಂ. ಕಂಪ್ಯೂಟರ್ ಒಂದು ಹೆಜ್ಜೆ ಇಟ್ಟು, ಕಣ್ಬಿಟ್ಟು ನೋಡಿ, ಸ್ಪ್ರಿಂಗ್ ಥರ ಜಗ್ಗೋ ಸೀರೆ ಎಲ್ಲಿದೆ ಅಂತ ಲೆಕ್ಕ ಹಾಕಿ ಮುಂದಿನ ಹೆಜ್ಜೆ ಇಡುತ್ತೆ. ಆ ಸಂಖ್ಯೆ ಅಂದ್ರೆ ಹೆಜ್ಜೆಯ ಉದ್ದ. ಹದಿನಾರು ಪಟ್ಟು ಮಾಡಿದ್ರೆ, ಹದಿನಾರು ಹೆಜ್ಜೆ ಕಣ್ಮುಚ್ಕೊಂಡೇ ನಡೆದ ಹಾಗೆ."

"ಬನಶಂಕರಿ ಬಸ್ ಸ್ಟ್ಯಾಂಡ್ ಮುಂದೆ?"

"ಹೂಂ ಮೇಡಂ."

"ಅರ್ಥವಾಯ್ತು. ಯಾರಿಗಾದ್ರೂ ಅವನ ಮೇಲೆ ಕೋಪ?"

ಸಂಹಿತಾ ಬಾಗಿಲ ಕಡೆ ನೋಡಿದಳು. "ಮಾಧವಂಗೆ ಸ್ವಲ್ಪ. ಒಳ್ಳೆ ಪಾಠ ಮಾಡಿದವರಿಗೆ ಸಾರ್ ಲ್ಯಾಬಲ್ಲಿ ರಿಸರ್ಚ್ ಜಾಗ ಕೊಡ್ತಾರಲ್ಲ, ಅವರಿಬ್ಬರ ನಡುವೆಯೇ ಪೈಪೋಟಿ. ಹಾಂ... ಮೊದಲ ದಿನ ಒಂದು ತಮಾಷೆ ಆಯ್ತು. ಸಾರ್ ಹನ್ನೆರಡು ವರ್ಷದಿಂದ ಹೇಳ್ತಿರೋ ಪಾಠ. ಉಯ್ಯಾಲೆ ಲೆಕ್ಕ. ಅದರಲ್ಲಿ ಪ್ಲಸ್ ಇರೋ ಕಡೆ ಮೈನಸ್ ಇರಬೇಕಿತ್ತು. ಸಂಗಮೇಶ ಎದ್ದು 'ಸಾರ್, ಹಿಂಗಾದ್ರ ಉಯ್ಯಾಲಿ ನಿಲ್ಲೂದಿಲ್ರಿ, ತಾನ ಏರಿಕೋಂತ ಹೋಗ್ತದ್ರಿ' ಅಂದ. ಎಲ್ರೂ ನಕ್ಕಿದ್ದೇ ನಕ್ಕಿದ್ದು."

"ಸಾರ್ ಏನಂದ್ರು?"

"ಗುಡ್ ಅಂದ್ರು. ಒಂದು ಕಾರ್ಡ್ ತೆಗೆದು ಅವನ ಹೆಸರು ಬರ್ಕೊಂಡ್ರು."

*

ಮಾಧವ ಜಯನಗರದವನು. ಬೂಟುಗಾಲನ್ನು ಕುರ್ಚಿಯ ಕೆಳಗೆ ಅಲ್ಲಾಡಿಸುತ್ತ ಕುಳಿತ. ಮೊದಲು ನಕ್ಕವನು ಅವನೇ. ಪಂಕಜಾ ಕಿವಿಯಾರೆ ಕೇಳಿದ್ದರು.

"ಬೆಳಿಗ್ಗೆ ಎಷ್ಟೊತ್ತಿಗೆ ಬಂದೆಯಪ್ಪ?"

"ಎಂಟೂ ಮುಕ್ಕಾಲು ಹತ್ತಿರ."

"ಲ್ಯಾಬಿಗೆ?"

"ಲ್ಯಾಬ್ ಬಾಗಿಲವರೆಗೆ. ಒಳಗೆ ಹೋಗ್ಲಿಲ್ಲ ಮೇಡಂ. ರಿಜಿಸ್ಟರ್ ನೋಡಿ ಬೇಕಾದ್ರೆ, ಸಹಿ ಇಲ್ಲ."

"ಬಾಗಿಲಿಗೆ ಬೀಗ ಇತ್ತಾ?"

"ಇಲ್ಲ, ಓರೆ ಮಾಡಿತ್ತು."

"ಬೀಗ ಇಲ್ಲ, ಕೆಲಸ ಇದೆ, ಬಾಗಿಲವರೆಗೆ ಬಂದಿದ್ದೀಯ. ಆದರೂ ಒಳಗೆ ಹೋಗಲಿಲ್ಲ. ಯಾಕೆ?"

ಬೂಟುಗಾಲು ನಿಂತಿತು.

"ಮೂಡ್ ಇರ್ಲಿಲ್ಲ."

"ಒಳಗೆ ಯಾರಿದ್ರು?"

"ನಾನು ಯಾರನ್ನೂ ನೋಡ್ಲಿಲ್ಲ ಮೇಡಂ. ದೇವರಾಣೆ."

"ನೋಡಿಲ್ಲ ಅನ್ನೋದು ನಿಜವೇ ಇರಬೇಕು," ಎಂದರು ಪಂಕಜಾ. "ಹೋಗು."

ಲ್ಯಾಬಿನ ರಿಜಿಸ್ಟರ್ ತರಿಸಿ ನೋಡಿದರು. ವಿದ್ಯಾರ್ಥಿಗಳು ಒಳಗೆ ಕಾಲಿಡುವ ಮೊದಲು ಸಹಿ ಹಾಕಬೇಕು. ಮೇಷ್ಟರಿಗೆ ಆ ಕಟ್ಟಳೆ ಇಲ್ಲ. ಎಂಟೂ ಕಾಲರಿಂದ ಒಂಬತ್ತೂವರೆಯವರೆಗೆ ಒಂದು ಸಹಿಯೂ ಇಲ್ಲ.

"ಯಾಕೋ ಸೀನು, ಲ್ಯಾಬ್ ತೆರೆದಿಟ್ಟು ಎಲ್ಲಿಗೆ ಹೋಗಿದ್ದೆ?"

ಅಟೆಂಡರ್ ಸೀನು ತಲೆ ಕೆರೆದುಕೊಂಡ. ಇಪ್ಪತ್ತು ವರ್ಷದ ಸರ್ವಿಸು. ಸುಳ್ಳು ಹೇಳುವ ಮೊದಲು ತಲೆ ಕೆರೆಯುವುದು, ನಿಜ ಹೇಳುವ ಮೊದಲೂ ಅದೇ.

"ದರ್ಶಿನಿಗೆ ಮೇಡಂ. ಎರಡೇ ಎರಡು ಇಡ್ಲಿ."

"ಮುಕ್ಕಾಲು ಗಂಟೆಗೆ ಎರಡೇ ಎರಡು?"

"ಬಿಸಿ ಇತ್ತು ಮೇಡಂ... ಹಾಂ, ಬದರಿನಾಥ್ ಸಾರ್ ಮತ್ತೆ ಕಳಿಸಿದ್ರು. ಚೀಟಿ ಡಬ್ಬ, ಕೀಲಿ ಎರಡೂ ಬೇಕಂತೆ. ಅಂಕ ಹಾಕ್ಬೇಕಂತೆ."

"ಮತ್ತೆ ಅಂದ್ರೆ?"

"ಇದು ಮೂರನೇ ಸಲ. ಆಗ ನೀವು ವಿಚಾರಣೆಯಲ್ಲಿದ್ರಿ, ಅದಕ್ಕೆ ಹೇಳ್ಲಿಲ್ಲ."

ಪಂಕಜಾ ಮೇಜಿನ ಅಂಚಿನಲ್ಲಿದ್ದ ಬಿಸ್ಕತ್ತು ಡಬ್ಬ ನೋಡಿದರು. ಪಾಠ ಅರ್ಧದಲ್ಲಿ ನಿಂತಿದ್ದರಿಂದ ಯಾರೂ ಅದನ್ನು ತೆರೆದಿರಲಿಲ್ಲ. ಎಂದಿನಂತೆ ಸೀನು ತಂದು ಇಟ್ಟುಹೋಗಿದ್ದ. ಸೀಳಿನ ಮೇಲೆ ಅವರದೇ ಸಹಿ, ಅವರದೇ ಕೈಬರಹದಲ್ಲಿ ಹತ್ತು ಗಂಟೆ.

"ರದ್ದಾದ ಕ್ಲಾಸಿಗೆ ಅಂಕ!" ಎಂದರು. "ಮೂರು ಗಂಟೆಗೆ ನಾನೇ ತರ್ತೀನಿ ಅಂತ ಹೇಳು."

*

ಮೂರು ಗಂಟೆ. ಪ್ರಿನ್ಸಿಪಾಲರ ಕೋಣೆ. ಲಕ್ಕಪ್ಪನವರ ಎದುರು ಬದರಿನಾಥ್. ಮೂಲೆಯಲ್ಲಿ ಸಂಗಮೇಶ ನಿಂತಿದ್ದ. ಅವನಿಗೆ ಯಾರೂ ಕುರ್ಚಿ ಹೇಳಿರಲಿಲ್ಲ.

"ಆ ಡಬ್ಬ ಇಲ್ಲಿಗೆ ಯಾಕೆ, ಪಂಕಜಾ ಅವರೇ?" ಬದರಿನಾಥ್ ಕೇಳಿದರು.

"ನೀವು ಮೂರು ಸಲ ಕೇಳಿದ್ರಲ್ಲ ಸಾರ್. ತಂದೆ."

"ಇದಕ್ಕೂ ಕೇಸಿಗೂ ಸಂಬಂಧ ಇಲ್ಲ."

"ಸೀಲ್ ನೋಡಿ ಸಾರ್," ಆಕೆ ಲಕ್ಕಪ್ಪನವರತ್ತ ತಿರುಗಿದರು. "ಹತ್ತು ಗಂಟೆಗೆ ನಾನು ಹಾಕಿದ್ದು. ಸೀರೆ ಸಿಡಿದದ್ದು ಹತ್ತು ಎಂಟಕ್ಕೆ. ಸಂಖ್ಯೆ ಬದಲಾಗಿದೆ ಅಂತ ಗೊತ್ತಾದದ್ದು ಹತ್ತೂವರೆಗೆ, ಕ್ಲಾಸ್ ರದ್ದಾದರೂ ಹೋಗದೆ ಎಲ್ಲರೂ ಕಂಪ್ಯೂಟರ್ ಸುತ್ತ ನಿಂತು ಹುಡುಕಿದ ಮೇಲೆ. ಅಂದರೆ ಈ ಡಬ್ಬಕ್ಕೆ ಪ್ರಶ್ನೆ ಹಾಕಿದ ಯಾರಿಗೂ ಬದಲಾದ ಸಂಖ್ಯೆ ಗೊತ್ತಿರೋಕೆ ಸಾಧ್ಯವಿಲ್ಲ. ಬದಲಾಯಿಸಿದವರನ್ನು ಬಿಟ್ಟು."

ಸೀಲ್ ಕಿತ್ತರು. ಬೀಗ ತೆಗೆದರು. ಒಂದೊಂದೇ ಚೀಟಿ ಬಿಡಿಸಿ ಓದಿದರು.

"ರೋಲ್ ನಂಬರ್ ನಾಲ್ಕು—ಸೀರೆ ಒದ್ದೆಯಾದರೆ ಲೆಕ್ಕ ಹೇಗೆ ಬದಲಾಗುತ್ತದೆ? ರೋಲ್ ನಂಬರ್ ಏಳು—ಸೀರೆಯ ಬದಲು ಪಂಚೆ ಹಾಕಬಹುದೇ?"

ಲಕ್ಕಪ್ಪ ಕೆಮ್ಮಿದರು. ಅದು ನಗುವಿರಬಹುದು.

"ಮಾಧವನದು—ಹೆಜ್ಜೆಯನ್ನು 0.001 ಇಟ್ಟಿದ್ದೀರಿ, ಅದು ಅನಗತ್ಯವಾಗಿ ಚಿಕ್ಕದಲ್ಲವೇ? ಬೆಳಿಗ್ಗೆ ತಾನೇ ಬದಲಾಯಿಸಿದವನು ಹೀಗೆ ಕೇಳಲ್ಲ ಸಾರ್. ಇವನು ನೋಟ್ಸ್ ನಂಬಿದಾನೆ. ಸಂಹಿತಾಳ ಚೀಟಿಯಲ್ಲೂ 0.001. ಹನ್ನೊಂದು ಚೀಟಿ ಮುಗೀತು." ಡಬ್ಬದ ತಳದಿಂದ ದಪ್ಪ ಕಾರ್ಡೊಂದನ್ನು ಎರಡು ಬೆರಳಲ್ಲಿ ಎತ್ತಿದರು. "ಇದು ಹನ್ನೆರಡನೆಯದು. ಓದಲಾ ಸಾರ್, ನೀವೇ ಓದ್ತೀರಾ?"

ಬದರಿನಾಥ್ ಕೈ ಚಾಚಿದರು. ಕಾರ್ಡು ಲಕ್ಕಪ್ಪನವರ ಕೈಗೆ ಹೋಯಿತು. ಅವರು ಕನ್ನಡಕ ಏರಿಸಿ, ಒಂದೊಂದೇ ಪದ ಓದಿದರು:

"'ಹೆಜ್ಜೆಯನ್ನು 0.016 ಇಟ್ಟವನಿಗೆ ಸ್ಪ್ರಿಂಗ್ ಎಂದರೇನೆಂದು ಗೊತ್ತೇ? ಅಥವಾ ಅವನ ತಾಯಿಯನ್ನು ಕೇಳಿಕೊಂಡು ಬರಬೇಕೇ?'"

ಮೂಲೆಯಲ್ಲಿ ಸಂಗಮೇಶ ತಲೆ ಎತ್ತಿದ.

"ಕೈತಪ್ಪಿ ಬರೆದಿರಬಹುದು," ಬದರಿನಾಥ್ ಎಂದರು.

"ಒಂದು ಸೊನ್ನೆ ಕೈತಪ್ಪಬಹುದು ಸಾರ್. ಹದಿನಾರು ಕೈತಪ್ಪುತ್ತಾ?"

"ಸರಿ. ಬೆಳಿಗ್ಗೆ ಪ್ರೋಗ್ರಾಂ ತೆಗೆದು ನೋಡಿದ್ದೆ. ತಪ್ಪು ಕಂಡಿತು. ಪ್ರಶ್ನೆ ಬರೆದೆ. ನೋಡೋದು ಅಪರಾಧವಾ?"

"ಅಲ್ಲ. ಆದರೆ ಕ್ಲಾಸ್ ರದ್ದಾದ ಮೇಲೇ ಮೊದಲ ಬಾರಿಗೆ ನೋಡಿದೆ ಅಂತ ದೂರಿನಲ್ಲಿ ಬರೆದು ಸಹಿ ಹಾಕಿದೀರಿ." ಕಾಗದವನ್ನು ಮೇಜಿನ ಮೇಲಿಟ್ಟರು. "ಎಂಟು ನಲವತ್ತೊಂದಕ್ಕೆ ಲ್ಯಾಬಿನಲ್ಲಿದ್ದವರು ರಿಜಿಸ್ಟರಿಗೆ ಸಹಿ ಹಾಕಿಲ್ಲ. ವಿದ್ಯಾರ್ಥಿ ಹಾಗೆ ಮಾಡಿದರೆ ದಂಡ ಬೀಳುತ್ತೆ. ಮೇಷ್ಟರಿಗೆ ಬೀಳಲ್ಲ. ಮಾಧವ ಬಾಗಿಲವರೆಗೆ ಬಂದು, ಯಾರನ್ನೂ ನೋಡದೆ ವಾಪಸ್ ಹೋದ. ನೋಡಿದ್ದು ಏನು? ಹೊರಗೆ ಬಿಟ್ಟಿದ್ದ ಪಾದರಕ್ಷೆ. ಗೆಳೆಯನ ಚಪ್ಪಲಿ ಆಗಿದ್ದರೆ ಒಳಗೆ ನುಗ್ತಿದ್ದ. ಯಾರ ಬೂಟು ಕಂಡರೆ ಲ್ಯಾಬ್ ಸೀಟು ಬೇಕಾದ ಹುಡುಗ ಸದ್ದಿಲ್ಲದೆ ತಿರುಗಿ ಹೋಗ್ತಾನೆ? ಹೊರಗೆ ಬೆಂಚಿನ ಮೇಲಿದಾನೆ, ಕರೀಲಾ?"

"ಬೇಡ," ಬದರಿನಾಥ್ ತಟ್ಟನೆ ಎಂದರು.

ತಟ್ಟನೆ ಅಂದದ್ದೇ ಉತ್ತರವಾಯಿತು.

"ಸೀರೆ ಸಿಡೀಬೇಕು, ಆಮೇಲೆ ಡಬ್ಬ ತೆಗೆದು ಈ ಕಾರ್ಡ್ ಓದಬೇಕು—ನೋಡಿದ ತಕ್ಷಣ ತಪ್ಪು ಹಿಡಿದರು, ಎಂಥ ತಲೆ ಅಂತ ಎಲ್ಲರೂ ಅನ್ನಬೇಕು. ಪಾಠಕ್ಕೆ ಮೊದಲೇ ಬಿದ್ದ ಕಾರ್ಡಿಗೆ ಪಾಠದಲ್ಲಾಗೋ ತಪ್ಪು ಹೇಗೆ ಗೊತ್ತು ಅನ್ನೋ ಪ್ರಶ್ನೆ ಹನ್ನೆರಡು ವರ್ಷದಲ್ಲಿ ಯಾರಿಗೂ ಹೊಳೆದಿಲ್ಲ. ನಿಮಗೂ ಹೊಳೆದದ್ದು ಕಳ್ಳ ಅಂತ ಕೂಗಿ, ಕ್ಲಾಸ್ ಬಿಟ್ಟ ಮೇಲೆ. ಅಷ್ಟು ಹೊತ್ತಿಗೆ ಸೀನು ಡಬ್ಬ ಎತ್ಕೊಂಡು ಬಂದಿದ್ದ. ಬರೀದೇ ಇದ್ದಿದ್ರೆ ಸಿಕ್ಕಿಬೀಳ್ತಿರಲಿಲ್ಲ ಸಾರ್. ಆದರೆ ನಿಯಮ ನಿಮ್ಮದೇ. ಹತ್ತು ಗಂಟೆಯೊಳಗೆ ಪ್ರಶ್ನೆ."

ಬದರಿನಾಥ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡಾಗ ದನಿ ತಣ್ಣಗಾಗಿತ್ತು.

"ಅದು ಬೋಧನಾ ಕ್ರಮ. ಉದ್ದೇಶಪೂರ್ವಕವಾಗಿ ತಪ್ಪು ಸೇರಿಸೋದು, ವಿದ್ಯಾರ್ಥಿ ಹುಡುಕ್ತಾನಾ ಅಂತ ಪರೀಕ್ಷಿಸೋದು. ಇವನು ಹುಡುಕಲಿಲ್ಲ."

"ಉಯ್ಯಾಲಿ ಲೆಕ್ಕದಾಗ ನಾ ಹುಡುಕಿದ್ನೆಲ್ರೀ," ಎಂದ ಸಂಗಮೇಶ. ಆ ಕೋಣೆಯಲ್ಲಿ ಅವನಾಡಿದ ಮೊದಲ ಮಾತು.

ಲಕ್ಕಪ್ಪನವರು ಬೋಧನಾ ಕ್ರಮ ಎಂಬ ಪದವನ್ನು ಮುಳುಗುವವನು ಹಗ್ಗ ಹಿಡಿದಂತೆ ಹಿಡಿದುಕೊಂಡರು. "ಹಾಗೇ ಬರೀರಿ ಪಂಕಜಮ್ಮ. ಬೋಧನಾ ಪ್ರಯೋಗದಲ್ಲಿ ಉಂಟಾದ ತಪ್ಪು ತಿಳಿವಳಿಕೆ. ಆರೋಪ ಕೈಬಿಡಲಾಗಿದೆ. ಹುಡುಗ ಮುಂದಿನ ಗುರುವಾರ ಪಾಠ ಮತ್ತೆ ಮಾಡ್ಲಿ. ಪ್ರೊಫೆಸರ್ ಎಂದಿನಂತೆ ಇರ್ತಾರೆ. ಆಯ್ತಲ್ಲ?"

ಪಂಕಜಾ ಬರೆದರು. ಕಾರ್ಡನ್ನು ದೂರಿನ ಹಿಂದೆ ಪಿನ್ ಮಾಡಿ, ಅನುಬಂಧ ಒಂದು ಎಂದು ನಮೂದಿಸಿ, ಕಡತದ ಪುಟಸಂಖ್ಯೆ ಹಾಕಿದರು. ಪುಟಸಂಖ್ಯೆ ಬಿದ್ದ ಕಾಗದ ಆ ಕಾಲೇಜಿನಲ್ಲಿ ಕಳೆದದ್ದಿಲ್ಲ.

ಹೊರಗೆ ಕಾರಿಡಾರಿನಲ್ಲಿ ಸಂಗಮೇಶ ಅವರ ಹಿಂದೆ ಬಂದ.

"ಸಾರ್ ಹಿಂದಿನ ಬೆಂಚಿನ್ಯಾಗ ಕೂಡ್ತಾರೇನ್ರಿ ಮತ್ತ?"

"ಅಲ್ಲೇ."

"ಡಬ್ಬಿ?"

"ಕೀಲಿ ನನ್ನ ಹತ್ರ."

ಅವನು ತಲೆಯಾಡಿಸಿದ. ಕೃತಜ್ಞತೆ ಹೇಳುವುದನ್ನು ಮರೆತ. ಅವರು ನಿರೀಕ್ಷಿಸಿಯೂ ಇರಲಿಲ್ಲ.

*

ಮುಂದಿನ ಗುರುವಾರ ಇಳಕಲ್ ಸೀರೆ ಗಾಳಿಗೆ ಉಬ್ಬಿ, ಸೆರಗು ಹೊರಳಿ, ನೆರಿಗೆ ನೆರಿಗೆಯಾಗಿ ಇಳಿಯಿತು. ಪಾಠ ಒಂದು ಗಂಟೆ ನಡೆಯಿತು. ಸಂಗಮೇಶ ಒಮ್ಮೆಯೂ ಹಿಂದಿನ ಬೆಂಚಿನತ್ತ ನೋಡಲಿಲ್ಲ. ಹನ್ನೊಂದಕ್ಕೆ ಪಂಕಜಾ ಬೀಗ ತೆಗೆದರು. ಹನ್ನೊಂದು ಪ್ರಶ್ನೆಗೂ ಅವನು ಉತ್ತರ ಹೇಳಿದ. ಕೊನೆಯ ಕಾರ್ಡನ್ನು ಪಂಕಜಾ ಮುಂದೆ ನೋಡಿದರು, ಹಿಂದೆ ನೋಡಿದರು. ಹಳೆಯ ತೂತುಗಳನ್ನು ಬಿಟ್ಟರೆ ಏನೂ ಇರಲಿಲ್ಲ.

ಶುಕ್ರವಾರ ನೋಟಿಸ್ ಬೋರ್ಡಿನ ಮುಂದೆ ಗುಂಪು ಕೂಡಿತು. ಪ್ರಶ್ನೆಯ ಅಂಕಪಟ್ಟಿಯಲ್ಲಿ ಎಂದಿನ ಹನ್ನೊಂದು ಸಾಲಿನ ಕೆಳಗೆ, ಪರೀಕ್ಷಾ ವಿಭಾಗದ ಮೊಹರಿನೊಂದಿಗೆ, ಇನ್ನೊಂದು ಸಾಲು ಟೈಪಾಗಿತ್ತು: ಡಾ. ಬದರಿನಾಥ್—ಖಾಲಿ ಚೀಟಿ—ಸೊನ್ನೆ.

ಮೊದಲು ನಕ್ಕವನು ಮಾಧವ. ಆಮೇಲೆ ಉಳಿದವರು. ಮೆಟ್ಟಿಲ ತಿರುವಿನಲ್ಲಿ ಪ್ರೊಫೆಸರ್ ನಿಂತೇ ಇದ್ದರು. ಅದು ಗೊತ್ತಿದ್ದೇ ನಕ್ಕರು. ಕೈಯಲ್ಲಿ ಕಡತ ಹಿಡಿದು ಹಾದುಹೋಗುತ್ತಿದ್ದ ಪಂಕಜಾ ಒಂದು ಕ್ಷಣ ಕಿವಿಗೊಟ್ಟರು. ಹೋದ ವಾರ ಸೀರೆ ಸಿಡಿದಾಗ ಕೇಳಿದ್ದ ನಗುವೇ. ಒಂದು ದನಿಯೂ ಕಡಿಮೆಯಾಗಿರಲಿಲ್ಲ.

ಆ ಗುಂಪಿನಲ್ಲಿ ಸಂಗಮೇಶನೂ ಇದ್ದ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ಅವನೇ.